ಬ್ರೆಜಿಲ್‌ನ ಸೈಕೆಡೆಲಿಕ್ (ಕನಸಿನಂಥ ವಿಚಿತ್ರ ನಾದಗಳ) ಸಂಗೀತ ಬೀಟಲ್ಸ್‌ನ ನಕಲು ಅಷ್ಟೇನಾ? ಕೇಳುವುದಾದರೆ ಎಲ್ಲಿಂದ ಶುರು ಮಾಡಲಿ?

ಬೀಟಲ್ಸ್ ಛಾಯೆ ಇದೆ, ಇಲ್ಲ ಅನ್ನಲಾರೆ. ಅಲ್ಲಿನ ಓಸ್ ಮುಟಾಂಚಿಸ್ ತಂಡವನ್ನು ಮೊದಲು ಕೇಳಿದಾಗ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಮನಸ್ಸು ಬದಲಿಸಿದ್ದು ಒಂದು ಫ್ಲಿಟ್ ಪಂಪು! 1968ರ ಅವರ ಮೊದಲ ಆಲ್ಬಮ್‌ನಲ್ಲಿ ಒಂದು ಫ್ರೆಂಚ್ ಹಾಡಿದೆ. ಅದರಲ್ಲಿ ತಾಳಕ್ಕೆ 'ಚುಸ್ ಚುಸ್' ಅನ್ನುವುದು ಡ್ರಮ್ ಸೆಟ್ಟಿನ ಸಿಂಬಲ್ ತಟ್ಟೆ ಅಲ್ಲ, ಸೊಳ್ಳೆ ಔಷಧಿ ಹೊಡೆಯುವ ಪಂಪು. ತಂಡದ ಇಬ್ಬರು ಸಹೋದರರ ಅಣ್ಣ ಕ್ಲಾಡಿಯೊ ಸೀಸರ್ ಗಿಟಾರು, ಅದರ ನಾದ ಬದಲಿಸುವ ಪೆಡಲುಗಳನ್ನು ತಾನೇ ತಯಾರಿಸಿಕೊಡುತ್ತಿದ್ದ. ಆ ವಿಚಿತ್ರ ಕರ್ಕಶ ನಾದ ಲಂಡನ್ನಿನಿಂದ ಬಂದದ್ದಲ್ಲ.

ಆಗ ಎಲೆಕ್ಟ್ರಿಕ್ ಗಿಟಾರ್ ಅಂದರೆ ಅಲ್ಲಿ ಅನೇಕರಿಗೆ ವಿದೇಶಿ ದಾಳಿ. 1967ರ ಜುಲೈನಲ್ಲಿ ಸಾವೊ ಪಾಲೊದಲ್ಲಿ ಗಿಟಾರ್ ವಿರುದ್ಧವೇ ಮೆರವಣಿಗೆ ಹೊರಟಿತ್ತು. ಅದರಲ್ಲಿ ಹೆಜ್ಜೆ ಹಾಕಿದವರಲ್ಲಿ ಗಾಯಕ ಜಿಲ್ಬೆರ್ಟೊ ಜಿಲ್ ಒಬ್ಬ. ಮೂರು ತಿಂಗಳು ಕಳೆಯುವಷ್ಟರಲ್ಲಿ ಟಿವಿ ಸಂಗೀತ ಸ್ಪರ್ಧೆಯೊಂದರಲ್ಲಿ ಅದೇ ಜಿಲ್, ಮುಟಾಂಚಿಸ್‌ನ ಎಲೆಕ್ಟ್ರಿಕ್ ಗಿಟಾರುಗಳನ್ನೇ ಪಕ್ಕದಲ್ಲಿಟ್ಟುಕೊಂಡು ಹಾಡಿ ಎರಡನೇ ಬಹುಮಾನ ಗೆದ್ದ! ಹಾಡಿನ ಬೆನ್ನೆಲುಬು ಮಾತ್ರ ಬಾಹಿಯಾ ರಾಜ್ಯದ ಕಪೊಯೆರಾ ಎಂಬ ಕುಣಿತದಂಥ ಸಮರಕಲೆಯ ಲಯ, ಜೊತೆಗೆ ಬೆರಿಂಬೌ ಎಂಬ ಒಂಟಿ ತಂತಿಯ ಬಿಲ್ಲು ವಾದ್ಯ.

ಈ ಬೆರಕೆಯ ಹಿಂದೆ ಒಂದು ವಿಚಾರವೂ ಇತ್ತು. ಕವಿ ಒಸ್ವಾಲ್ಡ್ ಡಿ ಆಂಡ್ರಾಡೆ 1928ರಲ್ಲೇ 'ನರಭಕ್ಷಕ' ಪ್ರಣಾಳಿಕೆ ಬರೆದಿದ್ದ: ಯುರೋಪಿನ ಸಂಸ್ಕೃತಿಯನ್ನು ಅನುಕರಿಸಬೇಡಿ, ತಿಂದು ಅರಗಿಸಿಕೊಳ್ಳಿ. ನಮ್ಮ ಅಗಸ್ತ್ಯರು ಹೊಟ್ಟೆ ಸವರಿಕೊಂಡು 'ವಾತಾಪಿ ಜೀರ್ಣೋ ಭವ' ಅಂದಂತೆ. ಜಿಲ್, ಇನ್ನೊಬ್ಬ ಗಾಯಕ ಕಾಯೆತಾನೊ ವೆಲೋಸೊ, ಮುಟಾಂಚಿಸ್ ಸೇರಿ 1968ರಲ್ಲಿ ಹೊರತಂದ 'ಟ್ರೋಪಿಕಾಲಿಯಾ' ಆಲ್ಬಮ್ ಈ ಜೀರ್ಣಕ್ರಿಯೆಯ ಫಲ. ಎಡಪಂಥೀಯ ವಿದ್ಯಾರ್ಥಿಗಳು ಇವರನ್ನು ಕೂಗಿ ಗೇಲಿ ಮಾಡಿದರು. ಮಿಲಿಟರಿ ಸರ್ಕಾರ ಡಿಸೆಂಬರ್‌ನಲ್ಲಿ ಜಿಲ್, ವೆಲೋಸೊ ಇಬ್ಬರನ್ನೂ ಜೈಲಿಗೆ ಹಾಕಿ, ಆಮೇಲೆ ದೇಶದಿಂದಲೇ ಹೊರಗಟ್ಟಿತು. (ಅದೇ ಜಿಲ್ 2003ರಲ್ಲಿ ಸಂಸ್ಕೃತಿ ಸಚಿವನಾದ!)

ಆದರೆ ನನಗೆ ಇನ್ನೂ ಹೆಚ್ಚು ಇಷ್ಟ ಬ್ರೆಜಿಲ್‌ನ ಈಶಾನ್ಯದ ರೆಸಿಫೆ ನಗರದ ಹುಡುಗರು. ಲೂಲಾ ಕೋರ್ಟೆಸ್ ಮತ್ತು ಲೈಲ್ಸನ್ 1973ರಲ್ಲಿ ತಂದ ಆಲ್ಬಮ್ ಹೆಸರು 'ಸತ್ವ'. ಹೌದು, ನಮ್ಮದೇ ಪದ. ಮುಂದೆ ಕೋರ್ಟೆಸ್, ಜೆ ರಮಾಲ್ಯೊ ಜೊತೆ ಸೇರಿ 1975ರಲ್ಲಿ 'ಪಾಯೆಬಿರು' ಮಾಡಿದ. ಪರಾಯಿಬಾ ರಾಜ್ಯದ ಇಂಗಾ ಬಂಡೆಯ ಪುರಾತನ ಕೆತ್ತನೆಗಳು ಅದಕ್ಕೆ ಪ್ರೇರಣೆ. ಎರಡು ರೆಕಾರ್ಡುಗಳ ನಾಲ್ಕು ಬದಿಗಳಿಗೆ ಭೂಮಿ, ಗಾಳಿ, ಬೆಂಕಿ, ನೀರು ಅಂತ ಹೆಸರು. ರೆಕಾರ್ಡ್ ಕಾರ್ಖಾನೆಗೆ ಪ್ರವಾಹದ ನೀರು ನುಗ್ಗಿ ಹೆಚ್ಚಿನ ಪ್ರತಿಗಳು ಹಾಳಾದವು. ಉಳಿದ ಮೂಲ ಪ್ರತಿಗಳ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಆನ್‌ಲೈನ್‌ನಲ್ಲಿ ಕೇಳಲು ಅಡ್ಡಿಯಿಲ್ಲ ಬಿಡಿ.

ಶುರು ಮುಟಾಂಚಿಸ್‌ನಿಂದ ಮಾಡಿ, ಆಮೇಲೆ 'ಟ್ರೋಪಿಕಾಲಿಯಾ'. ಅದು ಒಗ್ಗಿದರೆ 'ಪಾಯೆಬಿರು'. ಹೆಡ್‌ಫೋನ್ ಮಾತ್ರ ಮರೆಯಬೇಡಿ, ಫೋನಿನ ಸ್ಪೀಕರಿನಲ್ಲಿ ಆ ಫ್ಲಿಟ್ ಪಂಪು ಸರಿಯಾಗಿ ಕೇಳಿಸುವುದಿಲ್ಲ.