ಇತಿಹಾಸ ಎಂಎ ಮುಗಿಸಿ ಸಂಗೀತ ಮತ್ತು ಜನಾಂಗದ ಮೇಲೆ ಪಿಎಚ್‌ಡಿ ಮಾಡಬಹುದೇ? ಮುಂದೆ ಕೆಲಸ ಸಿಗುತ್ತಾ?

ಸಂಗೀತ ಕಲಿತಿಲ್ಲ, ಇತಿಹಾಸದಲ್ಲಿ ಎಂಎ ಮಾತ್ರ ಇದೆ, ಊರು ಯಲ್ಲಾಪುರದ ಕಡೆ, ಆಫ್ರಿಕಾ ಮೂಲದ ಸಿದ್ದಿ ಜನರ ಡಮಾಮಿ ಕುಣಿತದ ಮೇಲೆ ಆಸಕ್ತಿ ಅಂತ ಬರೆದಿದ್ದೀರಿ. ಸಂಶೋಧನೆ ಮಾಡಬಹುದಾ ಅಂದರೆ ಖಂಡಿತ ಮಾಡಬಹುದು. ಕೆಲಸ ಸಿಗುತ್ತಾ ಅನ್ನುವುದಕ್ಕೆ ಅಷ್ಟು ಸಲೀಸಾಗಿ ಹೂಂ ಅನ್ನಲಾರೆ. ನಾನೂ ಇತಿಹಾಸದಿಂದಲೇ ಬಂದವನು. ಅಮೆರಿಕದ ದಕ್ಷಿಣ ರಾಜ್ಯಗಳ ಸಂಗೀತದ ಮೇಲೆ ಪಿಎಚ್‌ಡಿ ಮಾಡಿ ಈಗ ಇಲ್ಲಿ ಅಮೆರಿಕದಲ್ಲೇ ಪಾಠ ಮಾಡುತ್ತಿದ್ದೇನೆ.

ನಾವು ದಿನವಿಡೀ ಮಾಡುವ ಕೆಲಸ ಏನು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1920ರಲ್ಲಿ ಮಾಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ ಹಾಡಿನ ಗ್ರಾಮಫೋನ್ ಪ್ಲೇಟನ್ನು ‘ಓಕೆ’ ಎಂಬ ಕಂಪನಿ ತಂದಿತು. ಬಿಸಿದೋಸೆಯಂತೆ ಖರ್ಚಾಯಿತು. ಕಪ್ಪು ಜನ ದುಡ್ಡು ಕೊಟ್ಟು ಪ್ಲೇಟು ಕೊಳ್ಳುತ್ತಾರೆ ಅಂತ ಆಗ ಕಂಪನಿಗಳಿಗೆ ಮನವರಿಕೆಯಾಗಿ, ‘ರೇಸ್ ರೆಕಾರ್ಡ್ಸ್’ (ರೇಸ್ ಅಂದರೆ ಜನಾಂಗ) ಅಂತ ಅವರಿಗೇ ಒಂದು ಪಟ್ಟಿ ಶುರುವಾಯಿತು. 1923ರಲ್ಲಿ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುಗಾರನ ಪ್ಲೇಟು ಓಡಿದ ಮೇಲೆ ಹಳ್ಳಿಗಾಡಿನ ಬಿಳಿಯರಿಗೂ ಬೇರೆ ಪಟ್ಟಿ ಬಂತು. ಅದಕ್ಕೆ ‘ಹಿಲ್‌ಬಿಲಿ’, ಅಂದರೆ ಗುಡ್ಡಗಾಡಿನ ಗಮಾರ, ಅನ್ನುವ ಹೆಸರು ಅಂಟಿಕೊಂಡಿತು. ಕೊಲಂಬಿಯಾ ಕಂಪನಿಯಲ್ಲಿ 14000ದಿಂದ ಶುರುವಾಗುವ ನಂಬರು ಕಪ್ಪು ಗಿರಾಕಿಗಳಿಗೆ, 15000ದಿಂದ ಶುರುವಾಗುವುದು ಬಿಳಿ ಗಿರಾಕಿಗಳಿಗೆ. ಅರಗು ಅದೇ, ಕಂಪನಿ ಅದೇ. ಲೇಬಲ್ಲಿನ ಮೇಲಿನ ಅಂಕಿ ಮಾತ್ರ ಬೇರೆ.

ಈ ಅಂಕಿಗಳೂ ಕೆಲವು ಸಲ ಎಡವುತ್ತಿದ್ದವು. ಆಲೆನ್ ಸಹೋದರರು ಎಂಬ ಇಬ್ಬರು ಬಿಳಿಯರು 1927ರಲ್ಲಿ ಹಾಡಿದ ಪ್ಲೇಟು ಕೊಲಂಬಿಯಾದ ರೇಸ್ ಪಟ್ಟಿಗೆ ಸೇರಿಹೋಯಿತು. ನಮ್ಮನ್ನು ಕಪ್ಪು ಜನರ ಸಾಲಿಗೆ ಸೇರಿಸಿದಿರಿ, ಕೋರ್ಟಿಗೆ ಹೋಗುತ್ತೇವೆ ಅಂತ ಅವರು ಎಗರಾಡಿ, ಕಂಪನಿಯನ್ನೇ ಬಿಟ್ಟು ವಿಕ್ಟರ್ ಎಂಬ ಇನ್ನೊಂದು ಕಂಪನಿ ಸೇರಿದರು. ಅದೇ ವರ್ಷ ಜಾರ್ಜಿಯಾದ ಆಂಡ್ರ್ಯೂ ಬ್ಯಾಕ್ಸ್‌ಟರ್ ಎಂಬ ಕಪ್ಪು ಪಿಟೀಲುಗಾರ ತನ್ನದೇ ಸೀಮೆಯ ಬಿಳಿಯರ ತಂಡದ ಜೊತೆ ಕೂತು ವಿಕ್ಟರ್‌ಗೆ ಒಂದು ಹಾಡು ನುಡಿಸಿದ. ಆ ಧ್ವನಿಮುದ್ರಣವನ್ನು ನಾನು ಮೊದಲು ಕೇಳಿದ್ದು ಇದೇ ವಿಷಯ ಓದುತ್ತಿದ್ದಾಗ, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ. ಪರಪರ ಸದ್ದಿನ ನಡುವೆ ಪಿಟೀಲು ಗಿಟಾರು ಬ್ಯಾಂಜೊ ಒಟ್ಟಿಗೆ ಓಡುತ್ತಿವೆ, ಯಾರ ಬಿಲ್ಲು ಯಾವ ಬಣ್ಣದ ಕೈಯಲ್ಲಿದೆ ಅಂತ ಹೇಳುವ ಹಾಗೇ ಇಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ‘ಕಪ್ಪು ಸಂಗೀತ ಹೇಗಿರುತ್ತೆ’ ಅಂತ ಬರೆಯಲು ಹೊರಟಿದ್ದವನು ‘ಇದು ಕಪ್ಪು, ಇದು ಬಿಳಿ ಅಂತ ವಿಂಗಡಿಸಿದವರು ಯಾರು, ಯಾವಾಗ, ಏನು ಲಾಭಕ್ಕೆ’ ಅನ್ನುವ ಪ್ರಶ್ನೆಗೆ ತಿರುಗಿಕೊಂಡೆ. ಸಂಗೀತಶಾಸ್ತ್ರದವರು ಸ್ವರ ಹಿಡಿದು ಹೋಗುತ್ತಾರೆ, ನಾವು ಆ ಸ್ವರಕ್ಕೆ ಹಚ್ಚಿದ ಚೀಟಿಯ ಜಾಡು ಹಿಡಿದು ಹೋಗುತ್ತೇವೆ. ‘ರೇಸ್’ ಅನ್ನುವ ಪದವನ್ನು ಸಂಗೀತ ವ್ಯಾಪಾರದ ಬಿಲ್‌ಬೋರ್ಡ್ ಪತ್ರಿಕೆ ಕೈಬಿಟ್ಟು ‘ರಿದಮ್ ಆ್ಯಂಡ್ ಬ್ಲೂಸ್’ ಅಂತ ಮಾಡಿದ್ದು 1949ರಲ್ಲಿ. ಚೀಟಿ ಬದಲಾಯಿತು, ಸಾಲು ಹಾಗೇ ಉಳಿಯಿತು.

ಹಾಗಂತ ಕಿವಿ ಬೇಡವೇ? ಬೇಕು. ನಾನು ಮೂವತ್ತು ದಾಟಿದ ಮೇಲೆ ಬ್ಯಾಂಜೊ ಕಲಿತೆ. ಹಳೆಯ ಪದ್ಧತಿಯಲ್ಲಿ ಉಗುರು ತಂತಿಯನ್ನು ಮೇಲಿಂದ ಕೆಳಕ್ಕೆ ಹೊಡೆಯಬೇಕು, ಹೆಬ್ಬೆರಳು ಗಿಡ್ಡ ತಂತಿಯನ್ನು ಮೀಟಬೇಕು. ಪಶ್ಚಿಮ ಆಫ್ರಿಕಾದ ಜೋಲಾ ಜನರ ಅಕೊಂಟಿಂಗ್ ವಾದ್ಯದಲ್ಲೂ ಬೆರಳಿನ ನಡೆ ಹೀಗೇ. ಅದನ್ನು ಗ್ಯಾಂಬಿಯಾದ ಡೇನಿಯಲ್ ಜಟ್ಟಾ 2000ದಲ್ಲಿ ಇಲ್ಲಿನ ಬ್ಯಾಂಜೊ ಸಂಗ್ರಾಹಕರ ಮುಂದೆ ತೋರಿಸಿದರು. ಓದಿ ತಿಳಿದಿದ್ದ ಈ ಸಂಗತಿ ನನ್ನದೇ ಹೆಬ್ಬೆರಳು ನೋಯಲು ಶುರುವಾದಾಗ ಮನಸ್ಸಿಗೆ ನಾಟಿತು. ಕಛೇರಿ ಕೊಡುವಷ್ಟು ಬೇಕಿಲ್ಲ. ನುಡಿಸುವವರ ಕೈಗೆ ಎಲ್ಲಿ ಕಷ್ಟ ಅಂತ ಗೊತ್ತಾಗುವಷ್ಟು ಸಾಕು.

ಇನ್ನು ಹೊಟ್ಟೆಪಾಡು. ಇಲ್ಲಿ ಪಿಎಚ್‌ಡಿಗೆ ಆರೇಳು ವರ್ಷ ಹಿಡಿಯುತ್ತೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಫೀಸು ಮಾಫಿ, ಜೊತೆಗೆ ಜೀವನಕ್ಕೆ ಆಗುವಷ್ಟು ಸ್ಟೈಪೆಂಡ್. ಆಮೇಲಿನದು ಕಷ್ಟ. ಅಸಿಸ್ಟೆಂಟ್ ಪ್ರೊಫೆಸರ್ ಆದವರಿಗೆ ಸುಮಾರು ಆರನೇ ವರ್ಷ ಟೆನ್ಯೂರ್, ಅಂದರೆ ಕೆಲಸ ಕಾಯಂ ಮಾಡುವ ಪರಿಶೀಲನೆ, ಅಷ್ಟರೊಳಗೆ ಥೀಸಿಸ್ ತಿದ್ದಿ ಪುಸ್ತಕವಾಗಿರಬೇಕು. ಆದರೆ ಆ ಮೊದಲ ಕೆಲಸವೇ ಬಹಳ ಜನಕ್ಕೆ ಸಿಗುವುದಿಲ್ಲ. ನಾನು ಮೂರು ವರ್ಷ ಸೆಮಿಸ್ಟರ್ ಲೆಕ್ಕದಲ್ಲಿ ದುಡಿದೆ. ಒಂದು ಕಡೆ ಸಂದರ್ಶನದಲ್ಲಿ ‘ನೀವು ಇತಿಹಾಸದವರು, ನಮ್ಮ ಮಕ್ಕಳಿಗೆ ಹಾರ್ಮನಿ ಹೇಳಿಕೊಡ್ತೀರಾ’ ಅಂದರು, ಇನ್ನೊಂದು ಕಡೆ ‘ಇದು ಸಂಗೀತ ವಿಭಾಗದ ವಿಷಯ ಅಲ್ಲವಾ’ ಅಂದರು. ಆ ನೋವು ಇನ್ನೂ ಇದೆ. ಆದ್ದರಿಂದ ಹೇಳುತ್ತೇನೆ, ವಿಷಯ ಯಾವುದೇ ಇರಲಿ, ಒಂದು ಸಾಮಾನ್ಯ ಇತಿಹಾಸದ ಪತ್ರಿಕೆಯನ್ನು ಕಣ್ಣು ಮುಚ್ಚಿ ಪಾಠ ಮಾಡುವಷ್ಟು ತಯಾರಾಗಿರಿ. ಕೊನೆಗೆ ನನಗೆ ಕೆಲಸ ಕೊಡಿಸಿದ್ದು ಅದೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದು 2003ರಲ್ಲಿ. ಡಮಾಮಿ ಎಷ್ಟು ಆಫ್ರಿಕನ್ ಅಂತ ಅಳೆಯಲು ಹೋಗಬೇಡಿ. ಆ ಕುಣಿತವನ್ನು ‘ಆಫ್ರಿಕನ್’ ಅಂತ ಮೈಕಿನಲ್ಲಿ ಮೊದಲು ಕೂಗಿ ಹೇಳಿದ್ದು ಯಾವ ವೇದಿಕೆಯಲ್ಲಿ, ಅದಕ್ಕೆ ಮುಂಚೆ ಮನೆಯಂಗಳದಲ್ಲಿ ಅಜ್ಜಿಯರು ಅದನ್ನು ಏನಂತ ಕರೆಯುತ್ತಿದ್ದರು ಅಂತ ಕೇಳಿ. ಅದಕ್ಕೆ ಕೊಂಕಣಿ ಬೇಕು. ಪೋರ್ಚುಗೀಸರ ಕಾಲದ ಗೋವೆಯ ಗುಲಾಮಿಕೆಯ ಕಡತ ಓದಬೇಕೆಂದರೆ ಪಣಜಿಯ ಪತ್ರಾಗಾರಕ್ಕೆ ಹೋಗಬೇಕು, ಪೋರ್ಚುಗೀಸ್ ಕಲಿಯಬೇಕು. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಧ್ವನಿಸಂಗ್ರಹಾಲಯಕ್ಕೂ ಒಂದು ವಾರ ಹೋಗಿ ಕೂತು ಬನ್ನಿ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಸಂಶೋಧನಾ ವೇತನ ಸಿಕ್ಕರೆ ದೇಶದಲ್ಲೇ ನೆಮ್ಮದಿಯಾಗಿ ಮಾಡಬಹುದಾದ ಕೆಲಸ ಇದು.

ಇಲ್ಲಿಗೇ ಬರಬೇಕು ಅಂತಿದ್ದರೆ ಹೆಚ್ಚಿನ ಅರ್ಜಿಗಳ ಗಡುವು ಡಿಸೆಂಬರಿನಲ್ಲಿ. ಅರ್ಜಿಯ ಜೊತೆ ಒಂದು ಮಾದರಿ ಬರಹ ಕೇಳುತ್ತಾರೆ. ಒಬ್ಬ ಡಮಾಮಿ ಕಲಾವಿದರ ಜೊತೆ ನಾಲ್ಕು ಸಲ ಕೂತು ಮಾತಾಡಿ, ಅವರ ಒಪ್ಪಿಗೆ ಪಡೆದು, ಇಪ್ಪತ್ತು ಪುಟ ಬರೆಯಿರಿ. ಕರಡು ಆದಾಗ ಇಲ್ಲೇ ತಿಳಿಸಿ, ಓದಿ ಹೇಳುತ್ತೇನೆ.