ಸೌತೆ ಹೀಚು ಉದುರುತ್ತಿದ್ದರೆ ಮೊದಲು ಬೀಜದ ಪ್ಯಾಕೆಟ್ ನೋಡಿ

ಮನೆಯೊಳಗಿನ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಬೆಳೆಸುವ) ತೊಟ್ಟಿಯಲ್ಲಿ ಸೌತೆ ಬಳ್ಳಿ ತುಂಬ ಹೂ ಬಿಡುತ್ತದೆ, ಹೀಚು ಮಾತ್ರ ಹಳದಿಯಾಗಿ ಉದುರುತ್ತದೆ, ಗೊಬ್ಬರ ಜಾಸ್ತಿ ಮಾಡಲಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಅದು ಯಾವ ತಳಿ ಅಂತ ನೋಡಿ. ನಾಟಿ ತಳಿಯಾದರೆ ಹೆಣ್ಣು ಹೂವಿಗೆ ಪರಾಗ ಸಿಗಲೇಬೇಕು. ಮನೆಯೊಳಗೆ ಜೇನುಹುಳ ಎಲ್ಲಿಂದ ಬರಬೇಕು ಹೇಳಿ! ಹೂವಿನ ಬುಡದಲ್ಲಿ ಪುಟ್ಟ ಸೌತೆಕಾಯಿ ಇದ್ದರೆ ಅದು ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಬೆಳಿಗ್ಗೆ ಹೂ ಅರಳಿದಾಗಲೇ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಉಜ್ಜಿ. ಸಂಜೆಗೆ ಬಿಟ್ಟರೆ ಸುಮ್ನೆ ಕೆಲಸ.

ಪ್ಯಾಕೆಟ್ ಮೇಲೆ ಪಾರ್ಥೆನೋಕಾರ್ಪಿಕ್ ಎಂದಿದ್ದರೆ ಈ ಕಸರತ್ತೇ ಬೇಡ, ಪರಾಗವಿಲ್ಲದೆಯೂ ಕಾಯಿ ಕಟ್ಟುತ್ತದೆ. ಆಗ ನನ್ನ ಅನುಮಾನ ಬೆಳಕಿನ ಮೇಲೆ. ಕಿಟಕಿ ಬೆಳಕು ಸಾಲದು. ಗ್ರೋ ಲೈಟ್ ದಿನಕ್ಕೆ 14ರಿಂದ 16 ಗಂಟೆ ಉರಿಯಲಿ. ಒಂದೇ ಸಲ ಹೀಚು ಜಾಸ್ತಿಯಾದರೂ ಬಳ್ಳಿ ತಾನೇ ಕೆಲವನ್ನು ಉದುರಿಸುತ್ತದೆ. ಹಾಗಾಗಿ ಕೆಳಗಿನ ನಾಲ್ಕೈದು ಗೆಣ್ಣುಗಳ ಹೂ ಚಿವುಟಿಬಿಡಿ.

ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6, ಇಸಿ (ನೀರಿನಲ್ಲಿ ಕರಗಿದ ಗೊಬ್ಬರದ ಅಳತೆ) 2 mS/cmನ ಆಸುಪಾಸು ಇದ್ದರೆ ಗೊಬ್ಬರದ ಬಾಟಲಿ ಮುಟ್ಟಲೇಬೇಡಿ. ತಳಿಯ ಹೆಸರು ತಿಳಿಸಿ, ಮುಂದೆ ನೋಡೋಣ.