ಬಟ್ಟೆ ಒಗೆದವರು ಯಾರು?

ಮಾನ್ಯರೇ,

ಕೂಡಿ ದುಡಿದು, ಗಳಿಕೆಯನ್ನು ಹಂಚಿಕೊಂಡು ಸಮಾನರಾಗಿ ಬಾಳಲು ಹೊರಟ ಅಮೆರಿಕದ ಆದರ್ಶ ಸಮುದಾಯಗಳನ್ನು ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಶಿವಮೊಗ್ಗದಿಂದ ಬರೆದ ಪತ್ರ ತಲುಪಿದೆ. ಹತ್ತೊಂಬತ್ತನೆಯ ಶತಮಾನದ ಆ ಪ್ರಯೋಗಗಳೆಲ್ಲ ಎರಡು-ಮೂರು ವರ್ಷಗಳಲ್ಲಿ ಮುಗ್ಗರಿಸಿದವು, ಸ್ವಾರ್ಥವೇ ಮನುಷ್ಯನ ಸ್ವಭಾವ ಎಂಬುದಕ್ಕೆ ಅವೇ ಸಾಕ್ಷಿ ಎಂದಿದ್ದೀರಿ. ಬಾಳಿಕೊಂಡ ಕೆಲವು ಸಮುದಾಯಗಳೂ ಧರ್ಮಶ್ರದ್ಧೆಯಿಂದ ಬಾಳಿದವೇ ಹೊರತು ಸಮಾನತೆಯಿಂದಲ್ಲ ಎಂಬುದು ತಮ್ಮ ಎರಡನೆಯ ಮಾತು. ಅಂಥದ್ದು ಇಂದು ಒಂದಾದರೂ ಉಳಿದಿದೆಯೇ ಎಂಬ ಪ್ರಶ್ನೆಯೊಂದಿಗೆ ಪತ್ರವನ್ನು ಮುಗಿಸಿದ್ದೀರಿ.

ತಮ್ಮ ವಾದಕ್ಕೆ ಅತ್ಯಂತ ಬಲವಾದ ಉದಾಹರಣೆಯಿಂದಲೇ ಆರಂಭಿಸುತ್ತೇನೆ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯಿಂದ ಹೆಸರು ಮಾಡಿದ್ದ ಉದ್ಯಮಿ, ಸಮಾಜ ಸುಧಾರಕ ರಾಬರ್ಟ್ ಓವೆನ್, 1825ರಲ್ಲಿ ಇಂಡಿಯಾನಾ ರಾಜ್ಯದ ಒಂದು ಇಡೀ ಊರನ್ನು ಸುಮಾರು 20,000 ಎಕರೆ ಭೂಮಿಯೊಂದಿಗೆ ಖರೀದಿಸಿ ಅದಕ್ಕೆ ನ್ಯೂ ಹಾರ್ಮನಿ ಎಂದು ಹೆಸರಿಟ್ಟರು. ಜಾರ್ಜ್ ರ‍್ಯಾಪ್ ಎಂಬ ಜರ್ಮನ್ ಧರ್ಮಗುರುವಿನ ಅನುಯಾಯಿಗಳು ಹತ್ತು ವರ್ಷ ದುಡಿದು ಕಟ್ಟಿದ್ದ ಮನೆಗಳು, ಗಿರಣಿಗಳು, ತೋಟಗಳು ಸಿದ್ಧವಾಗಿದ್ದವು. ಅವನ್ನು ನಡೆಸಬಲ್ಲ ಕೈಗಳು ಮಾತ್ರ ರ‍್ಯಾಪ್ ಜೊತೆಗೇ ಹೊರಟುಹೋಗಿದ್ದವು. ಓವೆನ್ ಅವರ ಬಹಿರಂಗ ಆಹ್ವಾನಕ್ಕೆ ಓಗೊಟ್ಟು ನೂರಾರು ಜನ ಬಂದರು. ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಪರಿಶೀಲನೆ ಇರಲಿಲ್ಲ, ನುರಿತ ಕಸುಬುದಾರರು ಸಾಲುತ್ತಿರಲಿಲ್ಲ. ಓವೆನ್ ಅವರೇ ಬಹುಕಾಲ ಊರಿನಲ್ಲಿರಲಿಲ್ಲ. ಮೊದಲ ಬೇಸಿಗೆಯಲ್ಲೇ ಬ್ರಿಟನ್ನಿಗೆ ಹೋದವರು 1826ರ ಜನವರಿಯಲ್ಲಿ ಹಿಂದಿರುಗಿದರು. ಸಮುದಾಯದ ಸಂವಿಧಾನ ಮೇಲಿಂದ ಮೇಲೆ ಬದಲಾಯಿತು. 1827ರ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಇದರಲ್ಲಿ ಸ್ವಾರ್ಥದ ಪಾಲು ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಸಮುದಾಯದ ಮೊದಲ ನಿಯಮಾವಳಿಯನ್ನೇ ತೆರೆದು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎಲ್ಲ ವಯಸ್ಸಿನ, ಎಲ್ಲ ಬಗೆಯ ಜನರೂ ಸದಸ್ಯರಾಗಬಹುದು ಎನ್ನುವ ವಾಕ್ಯದಲ್ಲೇ ಕರಿಯರನ್ನು ಹೊರಗಿಡಲಾಗಿದೆ. ಹೆಂಗಸರಿಗೆ ಸಮಾನತೆಯ ಮಾತು ಕೊಟ್ಟಿದ್ದರೂ, ಅವರು ಸಮುದಾಯದ ಪಾಲಿನ ಕೆಲಸವನ್ನು ಮುಗಿಸಿ ಬಂದು ತಮ್ಮ ಮನೆಯ ಒಲೆಯನ್ನೂ ತಾವೇ ಹಚ್ಚಬೇಕಿತ್ತು. ಆಸ್ತಿ ಬಹುಪಾಲು ಓವೆನ್ ಕೈಯಲ್ಲೇ ಉಳಿದಿತ್ತು. ಆ ಭೂಮಿಯಾದರೋ, ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಕೇವಲ ಎರಡು ದಶಕಗಳ ಹಿಂದೆ ಸರ್ಕಾರಕ್ಕೆ ಬಿಟ್ಟುಕೊಡಬೇಕಾಗಿ ಬಂದದ್ದು. ಹೀಗಿರುವಾಗ ಅಲ್ಲಿ ಸಮಾನತೆಯನ್ನು ಪ್ರಯೋಗಿಸಿ ಸೋತರು ಎನ್ನುವುದಕ್ಕಿಂತ ಅದನ್ನು ಪೂರ್ತಿಯಾಗಿ ಪ್ರಯೋಗಿಸಲೇ ಇಲ್ಲ ಎನ್ನುವುದು ನ್ಯಾಯ. ಈ ಸಮುದಾಯಗಳ ಕುರಿತು ನಾನು ಮೊದಲು ಕೇಳುವುದು ಅವು ಎಷ್ಟು ವರ್ಷ ಬಾಳಿದವು ಎಂದಲ್ಲ, ಅಡುಗೆ ಮಾಡಿದವರು, ಬಟ್ಟೆ ಒಗೆದವರು, ಕಸ ಗುಡಿಸಿದವರು ಯಾರು ಎಂದು.

1843ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಎಂಬ ಹಳ್ಳಿಯಲ್ಲಿ ಚಿಂತಕ ಬ್ರಾನ್ಸನ್ ಆಲ್ಕಾಟ್ ಮತ್ತು ಅವರ ಇಂಗ್ಲಿಷ್ ಸಂಗಾತಿ ಚಾರ್ಲ್ಸ್ ಲೇನ್ ಸ್ಥಾಪಿಸಿದ ಫ್ರೂಟ್‌ಲ್ಯಾಂಡ್ಸ್ ಎಂಬ ಸಮುದಾಯ ಈ ಪ್ರಶ್ನೆಯನ್ನು ನೇರವಾಗಿ ಎದುರಿಗಿಡುತ್ತದೆ. ಗುಲಾಮರ ದುಡಿಮೆಯಿಂದ ಬಂದದ್ದೆಂದು ಅವರು ಹತ್ತಿಯನ್ನು ಬಿಟ್ಟರು, ಕುರಿಯಿಂದ ಕಿತ್ತುಕೊಂಡದ್ದೆಂದು ಉಣ್ಣೆಯನ್ನು ಬಿಟ್ಟರು. ಅಗಸೆ ನಾರಿನ ಬಟ್ಟೆ ತೊಟ್ಟು, ಹಾಲು ಸಕ್ಕರೆಗಳಿಲ್ಲದೆ, ಎತ್ತು ಹೂಡದೆ ಬೇಸಾಯಕ್ಕಿಳಿದರು. ಆ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಗುಲಾಮಗಿರಿ ಕಾನೂನುಬದ್ಧವಾಗಿದ್ದ ದೇಶದಲ್ಲಿ ತನ್ನ ಮೈಮೇಲಿನ ಅಂಗಿ ಎಲ್ಲಿಂದ ಬಂತೆಂದು ಕೇಳಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಆದರೆ ಕೊಯ್ದ ಬಾರ್ಲಿ ಹೊಲದಲ್ಲಿ ಬಿದ್ದಿದ್ದು, ಬಿರುಗಾಳಿ ಮಳೆ ಕವಿಯುತ್ತಿದ್ದಾಗ ಗಂಡಸರು ಆದರ್ಶದ ಪ್ರಚಾರಕ್ಕೆಂದು ಊರೂರು ತಿರುಗುತ್ತಿದ್ದರು. ಆಲ್ಕಾಟ್ ಅವರ ಪತ್ನಿ ಅಬಿಗೇಲ್ ಮಕ್ಕಳನ್ನು ಕಟ್ಟಿಕೊಂಡು, ಬುಟ್ಟಿಗಳಲ್ಲೂ ಹಾಸಿಗೆಯ ಬಟ್ಟೆಗಳಲ್ಲೂ ತುಂಬಿ ಎಳೆದು ಆ ಬೆಳೆಯನ್ನು ಒಳಗೆ ಸೇರಿಸಿದರೆಂದು ಮುಂದೆ ಕಾದಂಬರಿಕಾರ್ತಿಯಾಗಿ ಹೆಸರಾದ ಅವರ ಮಗಳು ಲೂಯಿಸಾ ಬರೆದಿದ್ದಾರೆ. ಎತ್ತಿನ ಹೆಗಲಿನಿಂದ ಇಳಿಸಿದ ನೊಗ ಯಾರ ಹೆಗಲಿಗೇರಿತೆಂದು ಬೇರೆ ಹೇಳಬೇಕಾಗಿಲ್ಲ. 1844ರ ಜನವರಿಯಲ್ಲಿ ಆ ಮನೆ ಖಾಲಿಯಾಯಿತು.

ಅದೇ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್‌ನಲ್ಲಿ 1842ರಿಂದ 1846ರವರೆಗೆ ಇದ್ದ ಸಂಘ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಗುಲಾಮಗಿರಿಯ ವಿರೋಧಿಗಳು ಸೇರಿ ಕಟ್ಟಿದ ಈ ಸಂಘದವರು ದಕ್ಷಿಣದ ಹತ್ತಿಗೆ ಬದಲಾಗಿ ರೇಷ್ಮೆಯನ್ನು ತಯಾರಿಸಿದರು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದ್ದ ಸೋಜರ್ನರ್ ಟ್ರೂತ್ 1843ರಲ್ಲಿ ಇಲ್ಲಿಗೆ ಬಂದು ಸಮಾನ ಸದಸ್ಯೆಯಾದರು. ಇಲ್ಲಿಗೆ ಭೇಟಿ ಕೊಟ್ಟ, ತಾವೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಹೋರಾಟಗಾರ ಫ್ರೆಡ್ರಿಕ್ ಡಗ್ಲಸ್ ಬಣ್ಣಭೇದವಿಲ್ಲದ ಬದುಕನ್ನು ಕಂಡು ಮೆಚ್ಚಿದರು. ಟ್ರೂತ್ ಅವರ ಪಾಲಿಗೆ ಬಂದ ಕೆಲಸ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಣೆ ಎಂಬುದು ಇಂದಿನ ನಮಗೆ ಚುಚ್ಚುತ್ತದೆ, ಚುಚ್ಚಲೇಬೇಕು. ಆದರೂ ಗುಲಾಮಗಿರಿಯನ್ನು ಕಂಡ ಆ ಹೆಂಗಸು ದೇಶದ ದೊಡ್ಡ ವಾಗ್ಮಿಯಾಗಿ ಬೆಳೆಯುವುದಕ್ಕೆ ಬೇಕಾದ ಸಂಗಾತಿಗಳು, ಚರ್ಚೆ, ವೇದಿಕೆ ದೊರೆತದ್ದು ಇಲ್ಲಿ. ನಾಲ್ಕೇ ವರ್ಷ ಬಾಳಿದ್ದಕ್ಕಾಗಿ ಇದನ್ನು ಸೋಲಿನ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ.

ಧರ್ಮಶ್ರದ್ಧೆಯ ವಿಷಯಕ್ಕೆ ಬಂದರೆ, ಶೇಕರ್ ಎಂಬ ಕ್ರೈಸ್ತ ಪಂಥದವರು ದೀರ್ಘಕಾಲ ಬಾಳಿದ್ದು ನಿಜ. 1774ರಲ್ಲಿ ಅದರ ನಾಯಕಿ ಆನ್ ಲೀ ಇಂಗ್ಲೆಂಡಿನಿಂದ ಬಂದಿಳಿದ ಮೇಲೆ ಬೆಳೆದ ಆ ಪಂಥದಲ್ಲಿ ಬ್ರಹ್ಮಚರ್ಯ ಕಡ್ಡಾಯವಾಗಿತ್ತು, ಆಡಳಿತದ ಪ್ರತಿ ಹಂತದಲ್ಲೂ ಗಂಡಸರಿಗೆ ಸಮನಾಗಿ ಹೆಂಗಸರೂ ಇರುತ್ತಿದ್ದರು. ಅಡುಗೆ, ಒಗೆತ ಹೆಂಗಸರ ಪಾಲಿಗೇ ಇದ್ದರೂ ಸರದಿಯ ಮೇಲೆ ಹಂಚಿಕೆಯಾಗುತ್ತಿತ್ತು. ತಾವು ರೂಪಿಸಿ 1858ರಲ್ಲಿ ಪೇಟೆಂಟ್ ಪಡೆದ ಬಟ್ಟೆ ಒಗೆಯುವ ಯಂತ್ರವನ್ನು ಅವರು ಹೋಟೆಲುಗಳಿಗೂ ಮಾರಿದರು. ಶ್ರದ್ಧೆಯೊಂದೇ ಅವರನ್ನು ಉಳಿಸಿತೆಂದರೆ ಈ ವ್ಯವಸ್ಥೆಯನ್ನು ಕಾಣದೆ ಹೋದಂತಾಗುತ್ತದೆ. ಇನ್ನು ಧರ್ಮಬೋಧಕ ಜಾನ್ ಹಂಫ್ರಿ ನಾಯ್ಸ್ ನ್ಯೂಯಾರ್ಕ್ ರಾಜ್ಯದಲ್ಲಿ 1848ರಲ್ಲಿ ಆರಂಭಿಸಿದ ಒನೈಡಾ ಸಮುದಾಯವೂ ಧಾರ್ಮಿಕವಾದದ್ದೇ, ಅದೂ ಮೂವತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಅಲ್ಲಿ ಯಾರು ಯಾರೊಡನೆ ಕೂಡಬೇಕೆಂಬುದರಲ್ಲೂ ಗುರುವಿನ ಮಾತು ನಡೆಯುತ್ತಿತ್ತು, ಹರೆಯಕ್ಕೆ ಕಾಲಿಡುತ್ತಿದ್ದ ಹುಡುಗಿಯರೂ ಅದಕ್ಕೆ ಒಳಪಡಬೇಕಾಗಿತ್ತು. ಕಾನೂನು ಕ್ರಮದ ಭಯದಿಂದ ನಾಯ್ಸ್ 1879ರಲ್ಲಿ ಕೆನಡಾಕ್ಕೆ ಓಡಿಹೋದರು; 1881ರಲ್ಲಿ ಸಮುದಾಯ ಷೇರು ಕಂಪನಿಯಾಗಿ, ಮುಂದೆ ಚಮಚ-ಫೋರ್ಕುಗಳಿಗೆ ಹೆಸರಾಯಿತು. ಬಾಳಿಕೆಯೇ ಅಳತೆಗೋಲಾದರೆ ಒನೈಡಾವನ್ನು ನಾರ್ಥಾಂಪ್ಟನ್ನಿಗಿಂತ ಮೇಲೆ ಕೂರಿಸಬೇಕಾಗುತ್ತದೆ. ತಾವೂ ಅದನ್ನು ಒಪ್ಪಲಾರಿರಿ ಎಂದು ನಂಬಿದ್ದೇನೆ.

ಇಂದು ಉಳಿದಿರುವುದೇನು ಎಂಬ ಪ್ರಶ್ನೆಗೆ: ಮೇನ್ ರಾಜ್ಯದ ಸ್ಯಾಬತ್‌ಡೇ ಲೇಕ್‌ನಲ್ಲಿ ಬೆರಳೆಣಿಕೆಯ ಶೇಕರ್‌ಗಳಿದ್ದಾರೆ. ತಮ್ಮ ಎರಡನೆಯ ಆಕ್ಷೇಪಕ್ಕೆ ಇನ್ನೂ ನೇರವಾದ ಉತ್ತರ ವರ್ಜೀನಿಯಾದ ಟ್ವಿನ್ ಓಕ್ಸ್. 1967ರಲ್ಲಿ ಆರಂಭವಾದ ಈ ಸಮುದಾಯಕ್ಕೆ ಧರ್ಮವೂ ಇಲ್ಲ, ಗುರುವೂ ಇಲ್ಲ. ಸುಮಾರು ನೂರು ಜನರಿಗೆ ನೆಲೆಯಾದ ಇದು ಬಹುಕಾಲ ಹಗ್ಗದ ಜೋಲಿಗಳನ್ನು ಹೆಣೆದು, ತೋಫು (ಸೋಯಾ ಹಾಲಿನ ಪನೀರು) ತಯಾರಿಸಿ ಮಾರಿ ಅರ್ಧ ಶತಮಾನ ದಾಟಿದೆ. ಪ್ರತಿಯೊಬ್ಬರೂ ವಾರಕ್ಕೆ ನಲವತ್ತರ ಆಸುಪಾಸಿನಷ್ಟು ಗಂಟೆ ದುಡಿಯಬೇಕು. ಅಡುಗೆ, ಪಾತ್ರೆ ತೊಳೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲವೂ ಮಾರಾಟದ ಸರಕು ತಯಾರಿಸುವ ಕೆಲಸದಷ್ಟೇ ಬೆಲೆಯಲ್ಲಿ, ಗಂಟೆಗೆ ಗಂಟೆಯಾಗಿ, ಆ ಲೆಕ್ಕಕ್ಕೆ ಸೇರುತ್ತವೆ.

– ಸಂಪಾದಕ